ಕಾಣದ ನಾಣ್ಯವೂ ನಮ್ಮ ಪೇಟೆಯೂ

ಹತ್ತು ರೂಪಾಯಿಯ ನಾಣ್ಯವನ್ನು ಹಿಡಿದುಕೊಂಡು ಬೈಲಹೊಂಗಲದ ಪೇಟೆಯಲ್ಲಿ ತಿರುಗಿದವರಿಗೆ ಒಂದು ವಿಚಿತ್ರ ಅನುಭವವಾಗುವದುಂಟು. ನಾಣ್ಯವೇನೂ ಖೊಟ್ಟಿಯದಲ್ಲ, ಸಿಂಹಮುದ್ರೆಯು ಅದರ ಮೇಲೆ ಸ್ಪಷ್ಟವಾಗಿದೆ. ಆದರೂ ಚಹದಂಗಡಿಯವನು ತಲೆಯಲ್ಲಾಡಿಸುತ್ತಾನೆ. ಕಾಯಿಪಲ್ಲೆ ಮಾರುವ ಮುದುಕಿ "ನೋಟಿದ್ರ ಕೊಡೋ ತಮ್ಮಾ" ಎನ್ನುತ್ತಾಳೆ. ಈ ನಾಣ್ಯದ 14 ಬಗೆಯ ಅಚ್ಚುಗಳೂ ಕಾಯದೆಗೆ ಸಮ್ಮತವಾದವುಗಳೆಂದು ರಿಜರ್ವ್ ಬ್ಯಾಂಕು 2018ರ ಜನೇವರಿ 17ರಂದೇ ಸಾರಿ ಹೇಳಿದೆ. ಅದನ್ನು ತಿಳಿಸಹೋದರೆ ಅಂಗಡಿಯವನ ಉತ್ತರವು ಬಹಳ ಚಿಕ್ಕದು: "ನಾ ತಗೋತೇನ್ರಿ, ನನ್ನ ಕಡಿಂದ ಯಾರ ತಗೋತಾರ?"

ಅರ್ಥಶಾಸ್ತ್ರದ ಪಠ್ಯಪುಸ್ತಕವು ಹಣದ ಲಕ್ಷಣಗಳನ್ನು ಎರಡು ಪುಟಗಳಲ್ಲಿ ವಿವರಿಸುತ್ತದೆ. ನಮ್ಮ ಚಹದಂಗಡಿಯವನು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದಾನೆ. ಮುಂಜಾನೆ ಕೈಗೆ ಬಂದದ್ದು ಸಂಜೆಗೆ ಇನ್ನೊಬ್ಬರ ಕೈಗೆ ದಾಟಬೇಕು. ದಾಟಿದರೆ ಅದು ರೊಕ್ಕ, ಇಲ್ಲವಾದರೆ ಸರಕಾರದ ಮುದ್ರೆಯಿದ್ದರೂ ಬರಿಯ ಲೋಹ. ಚಿಲ್ಲರೆಯ ಅಭಾವವಿದ್ದಾಗ ಇದೇ ಅಂಗಡಿಯವನು ಒಂದು ರೂಪಾಯಿಗೆ ಬದಲು ಪೆಪ್ಪರಮಿಂಟು ಕೊಡುತ್ತಾನೆ, ನಾವೂ ಸುಮ್ಮನೆ ತೆಗೆದುಕೊಳ್ಳುತ್ತೇವೆ. ಆದರೆ ಮರುದಿನ ಅದೇ ಪೆಪ್ಪರಮಿಂಟನ್ನು ಚಹಕ್ಕಾಗಿ ಕೊಟ್ಟರೆ ಅವನು ಮುಟ್ಟಲಾರನೆಂಬದು ಬೇರೆ ಮಾತು!

ಈ ಪೀಠಿಕೆ ಏತಕ್ಕೆಂದರೆ, ಈಚೆಗೆ ನಮ್ಮ ತರುಣಮಿತ್ರರ ಬಾಯಲ್ಲಿ ಹೊಸದೊಂದು ನಾಣ್ಯದ ಹೆಸರು ಕುಣಿಯಹತ್ತಿದೆ. ಕಣ್ಣಿಗೆ ಕಾಣದ, ಯಾವ ಟಂಕಸಾಲೆಯಲ್ಲಿಯೂ ಹುಟ್ಟದ ಈ ನಾಣ್ಯಕ್ಕೆ ಬಿಟ್‌ಕಾಯಿನ್ ಎಂದು ಹೆಸರು. ಅದರ ಬಳಗಕ್ಕೆಲ್ಲ ಕ್ರಿಪ್ಟೋ ಎಂದು ಕುಲನಾಮ. "ಮುಂದಿನ ಕಾಲವೆಲ್ಲ ಇದರದೇ. ನಾಳೆ ಕಿತ್ತೂರಿನ ಕಿರಾಣಿ ಅಂಗಡಿಯಲ್ಲಿಯೂ ಇದೇ ನಡೆಯುವದು. ಮೊದಲು ಕೊಂಡವನೇ ಗೆದ್ದವನು" ಎಂದು ಅವರು ವಾದಿಸುತ್ತಾರೆ. ಈ ವಾದದ ಯೋಗ್ಯಾಯೋಗ್ಯತೆಯನ್ನು ದೊಡ್ಡ ದೊಡ್ಡ ಪಂಡಿತರು ತಮ್ಮ ಅಳತೆಗೋಲಿನಿಂದ ಅಳೆಯಲಿ. ನಾನು ಅದನ್ನು ನಮ್ಮ ಚಹದಂಗಡಿಯವನ ಅಳತೆಗೋಲಿನಿಂದ ಅಳೆಯಬಯಸುತ್ತೇನೆ.

ಅದರ ರಚನೆಯು ಜಾಣತನದ್ದೆಂಬದರಲ್ಲಿ ಸಂದೇಹವಿಲ್ಲ. ಅಡತಿ ಅಂಗಡಿಯ ಕಿರ್ದಿಯನ್ನು ಕಲ್ಪಿಸಿಕೊಳ್ಳಿರಿ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬದು ಅದರಲ್ಲಿ ಬರೆದಿರುತ್ತದೆ. ಆದರೆ ಪುಸ್ತಕವು ಒಬ್ಬನ ಗಾದಿಯ ಮೇಲಿರುವದರಿಂದ ಅವನ ಪ್ರಾಮಾಣಿಕತೆಯೇ ನಮಗೆ ಆಧಾರ. ಈಗ ಅದೇ ಕಿರ್ದಿಯ ಪ್ರತಿಯು ಲೋಕದ ಸಾವಿರಾರು ಗಣಕಯಂತ್ರಗಳಲ್ಲಿದ್ದು, ಸುಮಾರು ಹತ್ತು ನಿಮಿಷಕ್ಕೊಮ್ಮೆ ಎಲ್ಲೆಡೆಗೂ ಒಂದೇ ಹೊಸ ಪುಟ ಸೇರುತ್ತದೆಂದು ತಿಳಿಯಿರಿ. ಒಬ್ಬನು ತನ್ನ ಪ್ರತಿಯನ್ನು ತಿದ್ದಿದರೆ ಉಳಿದವರು ಅದನ್ನು ಒಪ್ಪರು. ಸತೋಶಿ ನಾಕಾಮೊಟೊ ಎಂಬ ಹೆಸರಿನಿಂದ 2008ರ ಅಕ್ಟೋಬರದಲ್ಲಿ ಈ ಯೋಜನೆಯು ಹೊರಬಿದ್ದು, 2009ರ ಜನೇವರಿಯಲ್ಲಿ ಕಾರ್ಯಕ್ಕಿಳಿಯಿತು. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷಕ್ಕೆ ಮೀರಬಾರದೆಂದು ಕಟ್ಟುಪಾಡು. ಆ ಹೆಸರಿನ ಹಿಂದಿರುವ ಪುರುಷನಾರೆಂಬದು ಇಂದಿಗೂ ಗುಟ್ಟು. 2010ರ ಮೇ 22ರಂದು ಅಮೇರಿಕೆಯ ಒಬ್ಬ ಗೃಹಸ್ಥನು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪೀಜಾಗಳನ್ನು ತರಿಸಿಕೊಂಡನು. ನಿತ್ಯದ ವ್ಯವಹಾರದಲ್ಲಿ ಈ ನಾಣ್ಯವು ಕಾಲಿಟ್ಟದ್ದು ಹೀಗೆ.

ಅಂದು ತಿನ್ನಲು ಬಳಸಿದ್ದನ್ನು ಇಂದು ಯಾರೂ ತಿನ್ನಲು ಬಳಸುವದಿಲ್ಲ. ಕಾದಿಟ್ಟು ಬೆಲೆಯೇರುವದನ್ನು ನೋಡುತ್ತ ಕುಳಿತುಕೊಳ್ಳುತ್ತಾರೆ. 2021ರ ನವೆಂಬರದಲ್ಲಿ ಒಂದು ಬಿಟ್‌ಕಾಯಿನ್ನಿಗೆ ಸುಮಾರು 69,000 ಡಾಲರು ಇದ್ದುದು, ಒಂದೇ ವರ್ಷದಲ್ಲಿ 16,000ಕ್ಕೂ ಕೆಳಗಿಳಿಯಿತು. ಆ ಮೇಲೆ ಮತ್ತೆ ಏರಿತು. ಹತ್ತಿಯ ಧಾರಣೆಯು ಏರಿಳಿಯುವದನ್ನು ಬೈಲಹೊಂಗಲದವರು ಕಂಡಷ್ಟು ಇನ್ನಾರು ಕಂಡಾರು? ಆದರೆ ಹತ್ತಿಯನ್ನು ನಾವು ರೂಪಾಯಿಯಿಂದ ಅಳೆಯುತ್ತೇವೆ. ಅಳೆಯುವ ಸೇರೇ ಒಂದು ದಿನ ಹಿಗ್ಗಿ ಮರುದಿನ ಕುಗ್ಗಹತ್ತಿದರೆ ಕಾಳು ಅಳೆಯುವದೆಂತು?

ಸಣ್ಣ ವ್ಯಾಪಾರಿಯು ಹೊಸದಕ್ಕೆ ಹೆದರುವ ಹಳೆಯ ತಲೆಯವನೆಂದು ಮಿತ್ರರು ಹೇಳುವದುಂಟು. ಇದನ್ನು ನಾನು ಒಪ್ಪಲಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ನಮ್ಮ ತಂದೆತಾಯಿಗಳು ಕುಂಕುಮ, ಭಂಡಾರ, ಬಳೆಗಳನ್ನು ಮಾರುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಯುಪಿಐ ಪದ್ಧತಿಯು ದೇಶದಲ್ಲಿ 2016ರ ಎಪ್ರಿಲದಲ್ಲಿ ಆರಂಭವಾದರೂ ನಮ್ಮ ಬುಟ್ಟಿಯ ತನಕ ಬಂದದ್ದು ಕರೋನಾ ಬಂದುಹೋದ ಬಳಿಕವೇ. ಆ ಚೌಕಳಿಯ ಕಾಗದವನ್ನು ಹಲಗೆಗೆ ಅಂಟಿಸಿದವನು ನಾನು. ಆದರೆ ಅದನ್ನು ಒಪ್ಪಿದವಳು ಅವ್ವ. ಒಪ್ಪುವ ಮೊದಲು ಅವಳು ಒಂದು ತಿಂಗಳು ಅಕ್ಕಪಕ್ಕದ ಅಂಗಡಿಗಳನ್ನು ನೋಡಿದಳು. ಆ ರೊಕ್ಕ ಬ್ಯಾಂಕಿನಿಂದ ಕೈಗೆ ಬರುತ್ತದೆಯೇ, ಬಳೆಯ ಸಗಟು ವ್ಯಾಪಾರಿಯು ಅದನ್ನೇ ತೆಗೆದುಕೊಳ್ಳುತ್ತಾನೆಯೇ, ತಪ್ಪಿದರೆ ಯಾರನ್ನು ಕೇಳಬೇಕು ಎಂದು ವಿಚಾರಿಸಿದಳು. ಅವಳಿಗೆ ಓದು ಬರುವದಿಲ್ಲ. ಪೆಟ್ಟಿಗೆಯು ಕನ್ನಡದಲ್ಲಿ "ಐವತ್ತು ರೂಪಾಯಿ" ಎಂದು ಕೂಗಿದರೆ ಮಾತ್ರ ಬಳೆ ಕೊಡುತ್ತಾಳೆ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಜನಸಾಗರವೇ ಗುಡ್ಡವೇರಿ ಮೊಬೈಲಿನ ಸಿಗ್ನಲ್ಲು ತಡವರಿಸಹತ್ತಿದಾಗ ಅವಳು ಆ ಪೆಟ್ಟಿಗೆಯನ್ನು ಸೆರಗಿನಿಂದ ಮುಚ್ಚಿ "ಇವತ್ತ ನಗದೀ ರೊಕ್ಕ" ಎನ್ನುತ್ತಾಳೆ. ಇದರಲ್ಲಿ ಹೆದರಿಕೆಯೆಲ್ಲಿದೆ? ಇದು ಪರೀಕ್ಷೆ ಮಾಡಿ ತೆಗೆದುಕೊಂಡ ನಿರ್ಣಯ.

ರಾಮದುರ್ಗದ ಕಡೆಯ ನೇಕಾರನನ್ನು ನೋಡಿರಿ. ಅವನು ಮಾಲಕನಿಂದ ನೂಲು ತಂದು, ಸೀರೆ ನೇಯ್ದು ಕೊಟ್ಟು, ಮುಂಗಡವನ್ನು ಮುರಿದುಕೊಂಡು ಉಳಿದ ಕೂಲಿಯನ್ನು ಎಣಿಸಿಕೊಳ್ಳುತ್ತಾನೆ. ಆ ಕೂಲಿಯು ಅದೇ ವಾರದಲ್ಲಿ ಜೋಳವಾಗಬೇಕು, ಮಗನ ಫೀಯಾಗಬೇಕು, ಸಂಘದ ಕಂತಾಗಬೇಕು. ಕೂಲಿಯನ್ನು ಕಾಣದ ನಾಣ್ಯದಲ್ಲಿ ಕೊಟ್ಟರೆ ಜೋಳದವನು ತೆಗೆದುಕೊಳ್ಳುವನೇ? ಶಾಲೆಯವರು ತೆಗೆದುಕೊಳ್ಳುವರೇ? ಸಂಘದ ಅಕ್ಕಂದಿರು ಲೆಕ್ಕದ ಪುಸ್ತಕದಲ್ಲಿ ಅದನ್ನು ಯಾವ ಕಾಲಮಿನಲ್ಲಿ ಬರೆಯುವರು?

ಇದು ಸಾಲದೆಂಬಂತೆ ಕಾಯದೆಯ ತೊಡಕೂ ಇದೆ. ನಮ್ಮ ದೇಶದಲ್ಲಿ ಈ ನಾಣ್ಯವನ್ನು ಕೊಳ್ಳುವದು ಅಪರಾಧವಲ್ಲ. ಬ್ಯಾಂಕುಗಳು ಇದರ ವ್ಯವಹಾರಕ್ಕೆ ನೆರವಾಗಕೂಡದೆಂದು ರಿಜರ್ವ್ ಬ್ಯಾಂಕು 2018ರ ಎಪ್ರಿಲದಲ್ಲಿ ಹೊರಡಿಸಿದ ಆಜ್ಞೆಯನ್ನು ಸುಪ್ರೀಮ್ ಕೋರ್ಟು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಆದರೆ ಕಾಯದೆಯು ಇದನ್ನು ಹಣವೆಂದು ಎಣಿಸುವದಿಲ್ಲ, ಆಸ್ತಿಯೆಂದು ಎಣಿಸುತ್ತದೆ. 2022ರ ಎಪ್ರಿಲ್ 1ರಿಂದ ಇದರ ಲಾಭದ ಮೇಲೆ ಶೇಕಡಾ 30 ತೆರಿಗೆ. ಒಂದರಲ್ಲಿ ಆದ ಹಾನಿಯನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅಂದರೆ ಈ ನಾಣ್ಯ ಕೊಟ್ಟು ಚಹ ಕುಡಿದವನು ಆಸ್ತಿ ಮಾರಿ ಚಹ ಕುಡಿದಂತಾಯಿತು! ಕನ್ನಡಿಗರು ಈ ಕ್ಷೇತ್ರದಲ್ಲಿ ಹಿಂದುಳಿದವರೇನೂ ಅಲ್ಲ. ದೇಶದ ಮೊದಮೊದಲ ಬಿಟ್‌ಕಾಯಿನ್ ವಿನಿಮಯ ಕಂಪನಿಗಳಲ್ಲೊಂದಾದ ಯುನೊಕಾಯಿನ್ 2013ರಲ್ಲಿ ತುಮಕೂರಿನಲ್ಲಿಯೇ ಹುಟ್ಟಿತು. ಅದು 2018ರ ಅಕ್ಟೋಬರದಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಇದಕ್ಕಾಗಿ ಎಟಿಎಮ್ ಯಂತ್ರವನ್ನಿಟ್ಟಾಗ ಪೋಲೀಸರು ಕೆಲವೇ ದಿನಗಳಲ್ಲಿ ಯಂತ್ರವನ್ನು ಜಪ್ತಿ ಮಾಡಿದರು.

ಇಲ್ಲಿ ಮಿತ್ರರ ಕಡೆಯ ಒಂದು ಪ್ರಬಲವಾದ ವಾದವನ್ನು ನ್ಯಾಯವಾಗಿ ಹೇಳಲೇಬೇಕು. "ಸರಕಾರದ ಹಣವಾದರೂ ಭದ್ರವೇ? 2016ರ ನವೆಂಬರ 8ರ ರಾತ್ರಿ 500 ಮತ್ತು 1000ದ ನೋಟುಗಳು ರದ್ದಾಗಲಿಲ್ಲವೇ?" ಎಂದು ಅವರು ಕೇಳುತ್ತಾರೆ. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಶೇಕಡಾ 86ರಷ್ಟು ಅಂದು ರದ್ದಾಯಿತೆಂಬದು ನಿಜ. ಸಣ್ಣ ವ್ಯಾಪಾರಿಯು ಅದರ ಏಟನ್ನು ಬಹುದಿನ ಅನುಭವಿಸಿದನೆಂಬದೂ ನಿಜ. ಯುಪಿಐಯಲ್ಲಿಯೂ ಮುಳ್ಳಿದೆ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐಯಿಂದ ಬಂದ ರೊಕ್ಕದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಕಳಿಸಿತು. ಬೆಂಗಳೂರಿನ ಬೇಕರಿಗಳಲ್ಲಿಯೂ ಕಾಯಿಪಲ್ಲೆಯ ಅಂಗಡಿಗಳಲ್ಲಿಯೂ ಚೌಕಳಿಯ ಕಾಗದಗಳು ಮಾಯವಾಗಿ "ನಗದು ಮಾತ್ರ" ಎಂಬ ಫಲಕಗಳೆದ್ದವು. ವ್ಯಾಪಾರಿಗಳು ಬಂದ್ ಮಾಡುವೆವೆಂದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಅವರನ್ನು ಕರೆಸಿ ಮಾತಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವದಿಲ್ಲವೆಂದೂ ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕೆಂದೂ ಹೇಳಿದರು.

ಈ ಪ್ರಕರಣದಿಂದ ನನಗೆ ಹೊಳೆದದ್ದು ಮಿತ್ರರಿಗೆ ಹೊಳೆದದ್ದಕ್ಕಿಂತ ಬೇರೆ. ವ್ಯಾಪಾರಿಗಳಿಗೆ ಜಗಳಾಡಲು ಒಬ್ಬನಿದ್ದನು! ಫಲಕ ಬರೆದರೆ ಓದುವವನು, ಬಂದ್ ಎಂದರೆ ಬಾಗಿಲಿಗೆ ಕರೆಯುವವನು ಇದ್ದನು. ಕಾಣದ ನಾಣ್ಯವು ತಪ್ಪು ವಿಳಾಸಕ್ಕೆ ಹೋದರೆ, ಗುಪ್ತಪದವು ಮರೆತರೆ, ಬೈಲಹೊಂಗಲದವನು ಯಾವ ಕಚೇರಿಯ ಕಟ್ಟೆ ಹತ್ತಬೇಕು? "ಯಾರ ಹಂಗೂ ಇಲ್ಲ" ಎಂಬದೇ ಇದರ ಹೆಚ್ಚಳವೆನ್ನುತ್ತಾರೆ. ಹಂಗಿಲ್ಲದಲ್ಲಿ ಹೊಣೆಯೂ ಇಲ್ಲವೆಂಬದನ್ನು ಮಾತ್ರ ಯಾರೂ ಹೇಳುವದಿಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ವಿನಿಮಯ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರುಗಳ ನಾಣ್ಯಗಳು ಕಳವಾದಾಗ ಅಲ್ಲಿ ನಾಣ್ಯವಿಟ್ಟಿದ್ದವರು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು.

ಒಂದು ದೇಶವೇ ಇದರ ಪ್ರಯೋಗ ಮಾಡಿ ನೋಡಿದೆ. ಮಧ್ಯ ಅಮೇರಿಕೆಯ ಎಲ್ ಸಾಲ್ವಡೋರ್ 2021ರ ಸಪ್ಟೆಂಬರ 7ರಿಂದ ಬಿಟ್‌ಕಾಯಿನ್ನಿಗೆ ಕಾಯದೆಯ ಮನ್ನಣೆ ಕೊಟ್ಟು, ಪ್ರಜೆಗೆ 30 ಡಾಲರಿನ ಕಾಣಿಕೆಯನ್ನೂ ಇತ್ತಿತು. ಹೆಚ್ಚಿನವರು ಆ ಕಾಣಿಕೆಯನ್ನು ಬಳಸಿಕೊಂಡು ಮುಂದೆ ಅದರ ಗೊಡವೆಗೆ ಹೋಗಲಿಲ್ಲ. 2025ರ ಜನೇವರಿಯಲ್ಲಿ ಕಾಯದೆಯನ್ನು ತಿದ್ದಿ, ವ್ಯಾಪಾರಿಗಳು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ ಎಂದು ಮಾಡಲಾಯಿತು. ಅಲ್ಲಿಯ ಕಾಯಿಪಲ್ಲೆಯ ಮುದುಕಿಯೂ ನಮ್ಮವಳಂತೆಯೇ ಯೋಚಿಸಿರಬೇಕು.

ಹಾಗಾದರೆ ನಮ್ಮ ಕಡೆ ಈ ನಾಣ್ಯವನ್ನು ಕೊಳ್ಳುವವರಾರು? ಅಂಗಡಿಯವರಲ್ಲ, ಅಂಗಡಿಯವರ ಮಕ್ಕಳು, ಅಂದರೆ ನಾವು. ವಸತಿಗೃಹದ ಕೋಣೆಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಮೊಬೈಲಿನ ಬೆಳಕಿನಲ್ಲಿ ಧಾರಣೆ ನೋಡುವವರನ್ನು ನಾನು ಬಲ್ಲೆ. ವಿದ್ಯಾರ್ಥಿವೇತನ ಬಂದ ವಾರವೇ ಅದು ನಾಣ್ಯವಾದದ್ದನ್ನೂ, ಕಬ್ಬಿನ ಬಿಲ್ಲಿನಿಂದ ತಂದೆಯು ಕಳಿಸಿದ ಫೀಯ ಹಣವು ಹೆಸರೇ ಕೇಳರಿಯದ ಯಾವದೋ ನಾಣ್ಯದಲ್ಲಿ ಕರಗಿದ್ದನ್ನೂ ಕಂಡಿದ್ದೇನೆ. ಅವರನ್ನು ಒಲಿಸಿದ ಮಾತು "ಮೊದಲು ಬಾ" ಎಂಬದೊಂದೇ. ಮೊದಲು ಬಂದವನಿಗೆ ಲಾಭವಾಗಬೇಕಾದರೆ ಆಮೇಲೆ ಬಂದವನು ಹೆಚ್ಚಿನ ಬೆಲೆ ಕೊಡಲೇಬೇಕಲ್ಲವೇ? ರಾಮದುರ್ಗದ ಹುಡುಗನಿಗೆ ಈ ಕರೆಯು ತಲುಪುವ ಹೊತ್ತಿಗೆ ಅವನೇ ಆ ಆಮೇಲಿನವನಾಗಿರುತ್ತಾನೆ. ಯುಪಿಐ ಬಂದಾಗ ಅವ್ವ ಒಂದು ತಿಂಗಳು ತಡಮಾಡಿದ್ದರಿಂದ ಅವಳ ಕೈಯಿಂದ ಕಾಸೂ ಹೋಗಲಿಲ್ಲ. ತಡಮಾಡಿದವನು ದಂಡ ತೆರಬೇಕಾದ ಹಣವು ಹಣವಲ್ಲ, ಪಣ.

ಬರುವ ವರ್ಷ ಅರ್ಥಶಾಸ್ತ್ರ ಸಂಘದವರು ಈ ವಿಷಯದ ಮೇಲೆ ಒಂದು ಚರ್ಚಾಕೂಟವನ್ನು ಏರ್ಪಡಿಸಲೆಂದು ಬೇಡಿಕೊಳ್ಳುತ್ತೇನೆ. ಅಧ್ಯಕ್ಷತೆಯನ್ನು ಬೇಕಾದರೆ ಬ್ಯಾಂಕಿನ ಅಧಿಕಾರಿಗಳು ವಹಿಸಲಿ. ಆದರೆ ಪೇಟೆಯ ಒಬ್ಬ ಅಡತಿಯವರನ್ನೂ ಒಬ್ಬ ನೇಕಾರರನ್ನೂ ವೇದಿಕೆಯ ಮೇಲೆ ಕೂಡಿಸಿ, ಅವರಿಗೆ ಮೊದಲು ಮಾತಾಡಲು ಬಿಡಬೇಕು. ಹುಣ್ಣಿಮೆಯ ದಿನ ಮಾತ್ರ ಇಟ್ಟುಕೊಳ್ಳಬಾರದು. ಅಂದು ಅವ್ವನಿಗೆ ಬಿಡುವಿರುವದಿಲ್ಲ.