ನಾಡು ಒಂದಾಯಿತು, ಕೆಲಸವೆಲ್ಲ ಒಂದೇ ಊರಿಗೆ ಹೋಯಿತು

ಪ್ರತಿ ವರ್ಷ ನವೆಂಬರ್ 1ಕ್ಕೆ ನಮ್ಮೂರ ಶಾಲೆಯಲ್ಲಿ ಬಾವುಟ ಏರಿಸಿ ಏಕೀಕರಣದ ಭಾಷಣ ಮಾಡುತ್ತಾರೆ. ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾಯಿತು ಅಂತ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಸಂತೋಷ. ಆದರೆ ಒಂದಾದ ಮೇಲೆ ಏನಾಯಿತು, ಯಾರಿಗೆ ಎಷ್ಟು ಸಿಕ್ಕಿತು ಅನ್ನೋ ಲೆಕ್ಕ ಯಾರೂ ಹೇಳೋದಿಲ್ಲ. ನಾನು ಏಳನೇ ಕ್ಲಾಸು ಓದಿದವನು. ನಾಲ್ಕೂವರೆ ಎಕರೆ ಹೊಲ, ಅಷ್ಟೂ ಮಳೆ ನಂಬಿದ್ದು. ತಿಳಿದಷ್ಟು ಬರೆದಿದ್ದೇನೆ, ಓದುಗ ರೈತರು ತೂಗಿ ನೋಡಬೇಕು.

ನಮ್ಮ ಹೊನ್ನಾಳಿ ಸೀಮೆಯವರಿಗೆ ಏಕೀಕರಣ ಬರೀ ಪುಸ್ತಕದ ಮಾತಲ್ಲ. ಆಗ ನಾವು ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯವರು. ಪಕ್ಕದ ಹಿರೇಕೆರೂರು, ರಾಣೆಬೆನ್ನೂರು ಧಾರವಾಡ ಜಿಲ್ಲೆಗೆ ಸೇರಿ ಮುಂಬೈ ರಾಜ್ಯದಲ್ಲಿದ್ದವು. ಹೆಣ್ಣು ಕೊಡೋದು ತರೋದು, ಎತ್ತು ಕೊಳ್ಳೋದು, ಸಂತೆ, ಜಾತ್ರೆ ಎಲ್ಲಾ ಆ ಕಡೆಗೂ ಈ ಕಡೆಗೂ ಇತ್ತು. ಸರ್ಕಾರ ಮಾತ್ರ ಬೇರೆ. "ಬೀಗರ ಮನಿಗೆ ಹೋಗಿ ಬರೋದ್ರಾಗ ಎರಡು ಸರ್ಕಾರ ನೋಡ್ತಿದ್ವಿ" ಅಂತ ನಮ್ಮ ತಂದೆಯವರು ನಗುತ್ತಾ ಹೇಳುತ್ತಿದ್ದರು. ಮುಂಬೈ ರಾಜ್ಯದ ನಾಲ್ಕು ಜಿಲ್ಲೆ, ಹೈದರಾಬಾದಿನ ಮೂರು, ಮದ್ರಾಸಿನ ದಕ್ಷಿಣ ಕನ್ನಡ, ಕೊಡಗು, ಹಳೇ ಮೈಸೂರು ಎಲ್ಲಾ ಕೂಡಿ ಒಂದು ರಾಜ್ಯ ಆಯಿತು. ಬಳ್ಳಾರಿ 1953ರಲ್ಲೇ ಬಂದು ಸೇರಿತ್ತು. ನಿಜಲಿಂಗಪ್ಪನವರು ಮೊದಲ ಮುಖ್ಯಮಂತ್ರಿ. ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರಲ್ಲಿ.

ರಾಜಧಾನಿ ಬೆಂಗಳೂರೇ ಆಯಿತು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ ಅದೇ 1956ರಲ್ಲಿ ಮುಗಿದು ತಯಾರಿತ್ತು. ರಾಜ್ಯದ ನಟ್ಟನಡುವೆ ಇರೋ ದಾವಣಗೆರೆ ರಾಜಧಾನಿ ಆಗಬೇಕಿತ್ತು ಅಂತ ನಮ್ಮ ಕಡೆ ಕಟ್ಟೆ ಮೇಲೆ ಕೂತ ಹಿರಿಯರು ಈಗಲೂ ಮಾತಾಡುತ್ತಾರೆ. ನನಗೆ ಆ ಮಾತು ಅಷ್ಟು ಹಿಡಿಸೋದಿಲ್ಲ. ಹಾಗಾಗಿದ್ದರೆ ಇವತ್ತು ನಮ್ಮ ಹೊಲದಲ್ಲಿ ಸೈಟು ಎದ್ದಿರುತ್ತಿತ್ತು, ಈ ಲೇಖನವನ್ನು ಕೋಲಾರದ ರೈತರೊಬ್ಬರು ಬರೆಯುತ್ತಿದ್ದರು, ಅಷ್ಟೇ ವ್ಯತ್ಯಾಸ. ಯಾವ ಊರು ಅನ್ನೋದಲ್ಲ ಪ್ರಶ್ನೆ. ಎಲ್ಲವನ್ನೂ ಒಂದೇ ಊರಿಗೆ ಯಾಕೆ ಸುರಿದರು ಅನ್ನೋದು.

ಬೆಂಗಳೂರು ಏಕೀಕರಣದಿಂದಲೇ ಬೆಳೆಯಿತು ಅಂದರೆ ಸುಳ್ಳಾಗುತ್ತದೆ. ಶಿವನಸಮುದ್ರದ ಕರೆಂಟು 1905ಕ್ಕೇ ಅಲ್ಲಿ ದೀಪ ಹಚ್ಚಿತ್ತು. ವಿಜ್ಞಾನ ಸಂಸ್ಥೆ 1909ರದ್ದು. ವಿಮಾನ ಕಾರ್ಖಾನೆ 1940ರಲ್ಲಿ, ಟೆಲಿಫೋನ್ ಕಾರ್ಖಾನೆ 1948ರಲ್ಲಿ, ವಾಚು ಮಾಡಿದ ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ ಬಂದವು. ಊರಿನ ಪೇಟೆ ಭಾಗ ಮತ್ತು ದಂಡು ಪ್ರದೇಶ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಇದೆಲ್ಲ ಮೊದಲೇ ಇತ್ತು. ಏಕೀಕರಣದಿಂದ ಆದದ್ದೇನೆಂದರೆ, ಅಲ್ಲಿಯವರೆಗೆ ಮುಂಬೈ, ಹೈದರಾಬಾದು, ಮದ್ರಾಸಿನ ಕಡೆ ಮುಖ ಮಾಡಿದ್ದ ಜಿಲ್ಲೆಗಳೆಲ್ಲ ಬೆಂಗಳೂರಿನ ಕಡೆ ತಿರುಗಿದವು. ಆಫೀಸು, ಹೈಕೋರ್ಟು, ಕಾಲೇಜು, ಕಂಟ್ರಾಕ್ಟು, ವರ್ಗಾವಣೆ ಎಲ್ಲದಕ್ಕೂ ಒಂದೇ ಬಸ್ಸು.

ಜನಸಂಖ್ಯೆ ನೋಡಿರಿ. 1951ರಲ್ಲಿ ಬೆಂಗಳೂರಿನಲ್ಲಿ ಸುಮಾರು 7.8 ಲಕ್ಷ ಜನ. ಆಗಿನ ಮೈಸೂರು ರಾಜ್ಯದ ಎರಡನೇ ದೊಡ್ಡ ಊರು ಮೈಸೂರು, 2.4 ಲಕ್ಷ. ಅಂದರೆ ಅಣ್ಣ ತಮ್ಮನಿಗಿಂತ ಮೂರು ಪಟ್ಟು ದೊಡ್ಡವನು. 2011ರ ಜನಗಣತಿಗೆ ಬೆಂಗಳೂರು 84 ಲಕ್ಷ, ಎರಡನೆಯದಾದ ಹುಬ್ಬಳ್ಳಿ-ಧಾರವಾಡ 9.4 ಲಕ್ಷ. ಈಗ ಅಣ್ಣ ಒಂಬತ್ತು ಪಟ್ಟು. ನಮ್ಮ ದಾವಣಗೆರೆ 4.3 ಲಕ್ಷ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ. ಒಂದು ಹೊಲದಲ್ಲಿ ಗೊಬ್ಬರದ ತಿಪ್ಪೆ ಇದ್ದ ಜಾಗದ ಪೈರು ಎದೆಯೆತ್ತರ ಬೆಳೆದು, ಉಳಿದದ್ದು ಗೇಣುದ್ದ ನಿಂತರೆ, ಆ ಹೊಲವನ್ನು ಚೆನ್ನಾಗಿದೆ ಅಂತ ಯಾವ ರೈತನೂ ಹೇಳೋದಿಲ್ಲ. ತಿಪ್ಪೆ ಹರಡಿಲ್ಲ ಅಂತಾನೆ.

ಇದರಲ್ಲಿ ನನಗೆ ಬಹಳ ಸೋಜಿಗ ಅನಿಸುವ ಒಂದು ವಿಷಯ ಇದೆ. ರಾಜ್ಯ ಚಿಕ್ಕದಿದ್ದಾಗ ಕಾರ್ಖಾನೆಗಳು ಹರಡಿಕೊಂಡಿದ್ದವು. ಅದಿರು, ಕಾಡು, ನೀರು ಇದ್ದಲ್ಲಿಗೆ ಕಾರ್ಖಾನೆ ಹೋಗುತ್ತಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರದ್ದು, ಅಲ್ಲೇ ಕಾಗದದ ಕಾರ್ಖಾನೆ 1937ರದ್ದು. ಕಬ್ಬು ಬೆಳೆಯೋ ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ. ಹತ್ತಿ ಬರುತ್ತಿದ್ದ ದಾವಣಗೆರೆಯಲ್ಲಿ 1930ರ ದಶಕದಿಂದ ಬಟ್ಟೆ ಗಿರಣಿ, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರೇ ಬಂದಿತ್ತು. ಹರಿಹರದಲ್ಲಿ 1941ರಲ್ಲಿ ಲೇತ್ ಯಂತ್ರ ಮಾಡುವ ಮೈಸೂರು ಕಿರ್ಲೋಸ್ಕರ್. ನಮ್ಮ ಸುತ್ತಿನ ಹುಡುಗರು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಬರುವಂಥ ದೂರ. ಭಾನುವಾರ ಹೊಲಕ್ಕೂ ಆಗುತ್ತಿದ್ದರು. ರಾಜ್ಯ ದೊಡ್ಡದಾದ ಮೇಲೆ ಈ ಸಾಲು ಬೆಳೆಯಬೇಕಿತ್ತು. ಆದರೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಹರಿಹರದ ಕಾರ್ಖಾನೆ 2000ದ ಆಸುಪಾಸಿನಲ್ಲಿ ನಿಂತಿತು, ಭದ್ರಾವತಿಯ ಕಾಗದ 2015ಕ್ಕೆ ನಿಂತಿತು. ಹೊಸದು ಬಂದದ್ದು ಹೆಚ್ಚಾಗಿ ಬೆಂಗಳೂರಿಗೆ. ಪೀಣ್ಯದ ಕೈಗಾರಿಕೆ ಆಯಿತು. 1978ರಲ್ಲಿ ಕಿಯೋನಿಕ್ಸ್‌ನವರು 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಆಮೇಲೆ ಕಂಪ್ಯೂಟರ್ ಕಂಪನಿಗಳ ಸಾಲೇ ಹತ್ತಿತು. ಕಂಪ್ಯೂಟರಿಗೆ ಅದಿರೂ ಬೇಡ, ಕಬ್ಬೂ ಬೇಡ. ಎಲ್ಲಿಯಾದರೂ ಆಗುವ ಕೆಲಸ ಅದು, ಆದರೂ ಒಂದೇ ಕಡೆ ಹೋಗಿ ಕೂತಿತು.

ಆ ಊರು ಬೆಳೆಯಲು ನಾವೇನು ಕೊಟ್ಟಿದ್ದೇವೆ? 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಆಗಿನ ನಮ್ಮದೇ ಜಿಲ್ಲೆಯ ಸಾಗರ, ಹೊಸನಗರದ ಊರುಗಳು ಮುಳುಗಿದವು. ಶರಾವತಿಯ 1,035 ಮೆಗಾವ್ಯಾಟ್ ಕರೆಂಟು ಇಡೀ ರಾಜ್ಯಕ್ಕೆ ಹೋಯಿತು, ಬೆಂಗಳೂರಿನ ಕಾರ್ಖಾನೆಗಳು ಅದರಿಂದ ತಿರುಗಿದವು. ಮುಳುಗಡೆಯ ಮಂದಿ ಹಕ್ಕುಪತ್ರಕ್ಕೆ ಇನ್ನೂ ಓಡಾಡುತ್ತಲೇ ಇದ್ದಾರೆ. 2019ರಲ್ಲಿ ಅದೇ ಲಿಂಗನಮಕ್ಕಿಯ ನೀರನ್ನೂ ಬೆಂಗಳೂರಿಗೆ ಒಯ್ಯುವ ಮಾತು ಎದ್ದಾಗ ಶಿವಮೊಗ್ಗ ಬಂದ್ ಆಗಿತ್ತು. ಸುಮಾರು ನೂರು ಕಿ.ಮೀ. ದೂರದಿಂದ ಕಾವೇರಿ ನೀರು ಎತ್ತಿ ಕುಡಿಯೋ ಊರು ಅದು, 1974ರಿಂದ. ಐದನೇ ಹಂತ 2024ರಲ್ಲಿ ಶುರುವಾಯಿತು, ಸಾಲುತ್ತಿಲ್ಲ. ಜನರನ್ನು ಒಂದೇ ಕಡೆ ಸೇರಿಸಿ ಆಮೇಲೆ ನೂರಾರು ಮೈಲಿ ನೀರು ಓಡಿಸೋದಕ್ಕಿಂತ, ನೀರಿದ್ದಲ್ಲಿ ನಾಲ್ಕು ಕೆಲಸ ಕೊಡೋದು ಅಗ್ಗ ಅಲ್ಲವಾ? ತುಂಗಭದ್ರೆ ನಮ್ಮ ತಾಲೂಕಿನಲ್ಲೇ ಹರಿಯುತ್ತಾಳೆ.

ಬೆಂಗಳೂರನ್ನು ಬೈಯೋದು ನನ್ನ ಉದ್ದೇಶವಲ್ಲ. ಅಲ್ಲಿಂದ ನಮಗೂ ಬಂದಿದೆ. 1964ರಲ್ಲಿ ಶುರುವಾದ ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಒಣಬೇಸಾಯದ ಕೆಲಸ ಮಾಡಿದೆ, ಜಿ.ಪಿ.ಯು. 28 ರಾಗಿ ಅಲ್ಲಿಯದೇ. ನನ್ನ ದೊಡ್ಡ ಮಗ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿದ್ದಾನೆ. ಹತ್ತೊಂಬತ್ತು ಸಾವಿರ ಸಂಬಳ, ಏಳು ಸಾವಿರ ಬಾಡಿಗೆ, ಮನೆಗೆ ತಿಂಗಳಿಗೆ ನಾಲ್ಕು ಸಾವಿರ ಕಳಿಸುತ್ತಾನೆ. ಮುಂಗಾರು ಕೈಕೊಟ್ಟ ವರ್ಷ ಬೀಜ ಗೊಬ್ಬರಕ್ಕೆ ಅದೇ ದುಡ್ಡು. ನಮ್ಮ ಓಣಿಯ ಹುಡುಗಿಯರು ಗಾರ್ಮೆಂಟಿಗೆ ಹೋಗಿ ತಮ್ಮ ಹೆಸರಿನಲ್ಲಿ ಬ್ಯಾಂಕ್ ಪಾಸ್‌ಬುಕ್ ಮಾಡಿಕೊಂಡಿದ್ದಾರೆ, ನಾಲ್ಕು ಜನರೆದುರು ಮಾತಾಡೋ ಧೈರ್ಯ ಬಂದಿದೆ. ಊರಲ್ಲಿ ಕೇರಿ ನೋಡಿ ಮಾತಾಡಿಸುವ ಜನವೇ ಅಲ್ಲಿ ಒಂದೇ ರೂಮಿನಲ್ಲಿ ಅಡುಗೆ ಮಾಡಿ ಉಣ್ಣುತ್ತಾರೆ. ಇದು ಸಣ್ಣ ಮಾತಲ್ಲ. ಊರು ಇದನ್ನು ಕೊಡಲಿಲ್ಲ, ಪಟ್ಟಣ ಕೊಟ್ಟಿತು, ಒಪ್ಪಿಕೊಳ್ಳಬೇಕು.

ಆದರೆ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಎಲ್ಲರೂ ಊರಿಗೆ ಬಂದರಲ್ಲ, ಆಗಲೇ ನಮಗೂ ಗೊತ್ತಾಗಿದ್ದು ಎಷ್ಟು ಮಂದಿ ಹೊರಗಿದ್ದರು ಅಂತ. ನಮ್ಮ ಓಣಿಯ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಯವರು ಅಲ್ಲಿದ್ದರು. ಆ ವರ್ಷದ ಮುಂಗಾರಿಗೆ ಎಡೆ ಹೊಡೆಯಲು, ಕಳೆ ತೆಗೆಯಲು ಆಳು ಹುಡುಕಲೇ ಇಲ್ಲ. ಹುಡುಗರು ಖುಷಿಯಿಂದಲೇ ದುಡಿದರು. ಹಳ್ಳಿ ಹುಡುಗರಿಗೆ ಮೈ ಬಗ್ಗೋದಿಲ್ಲ, ಪ್ಯಾಂಟು ಶರ್ಟಿನ ಆಸೆಗೆ ಓಡ್ತಾರೆ ಅಂತ ಪೇಟೆಯ ಮಂದಿ ಆಡುವ ಮಾತು ಎಷ್ಟು ಪೊಳ್ಳು ಅಂತ ಆಗ ನೋಡಿದೆ. ಸುಗ್ಗಿ ಮುಗಿದ ಮೇಲೆ ಅವರೆಲ್ಲ ತಿರುಗಿ ಹೋದರು. ಯಾಕಂದರೆ ಮೂರು ನಾಲ್ಕು ಎಕರೆ ಒಣಹೊಲ ವರ್ಷದಲ್ಲಿ ಐದು ತಿಂಗಳು ಕೆಲಸ ಕೊಡುತ್ತದೆ. ಉಳಿದ ಏಳು ತಿಂಗಳು? ರಾಜಸ್ಥಾನ ಬಿಟ್ಟರೆ ಮಳೆ ನಂಬಿದ ಬೇಸಾಯ ಹೆಚ್ಚಿರುವುದು ನಮ್ಮ ರಾಜ್ಯದಲ್ಲೇ ಅಂತಾರೆ. ಆ ಏಳು ತಿಂಗಳ ಪ್ರಶ್ನೆ ಜಗಳೂರಿನವನಿಗೂ ಇದೆ, ನಮಗೂ ಇದೆ.

ಇನ್ನೊಂದು ಮಾತು, ಬರೆಯಲು ಸ್ವಲ್ಪ ಸಂಕೋಚ. ನನ್ನ ಎರಡನೇ ಮಗ ಊರಲ್ಲೇ ಇದ್ದಾನೆ. ಬೇಸಾಯ ಅಚ್ಚುಕಟ್ಟು, ದುಶ್ಚಟ ಇಲ್ಲ, ಮೂವತ್ತೊಂದು ದಾಟಿತು. ನಾಲ್ಕು ಕಡೆ ಹೆಣ್ಣು ಕೇಳಿದೆವು. "ಹುಡುಗ ಬೆಂಗಳೂರಾಗೆ ಇದ್ದಿದ್ರೆ ನೋಡಬಹುದಿತ್ತು ಮಾವ" ಅಂತ ನನ್ನ ಸ್ವಂತ ನಂಟರೇ ಹೇಳಿದರು. ಅವರೂ ರೈತರೇ. 2023ರಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಟಿ.ವಿ.ಯವರು ಅದನ್ನು ತಮಾಷೆ ಮಾಡಿ ತೋರಿಸಿದರು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ನೀರಾವರಿಯ ಮಂಡ್ಯದವರಿಗೇ ಹೀಗಾದರೆ ಒಣಹೊಲದವರ ಪಾಡೇನು.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂತ ಎಣಿಸಿ ಬರೆಯಿತು. ಆಮೇಲೆ ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಧಾರವಾಡ, ಕಲಬುರಗಿಗೆ 2008ರಲ್ಲಿ ಹೈಕೋರ್ಟು ಪೀಠ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತು, ಈಗ ನ್ಯಾಮತಿಯೂ ತಾಲೂಕಾಗಿ ತಹಶೀಲ್ದಾರರು ಹತ್ತಿರ ಬಂದಿದ್ದಾರೆ. ಪಹಣಿ ತಿದ್ದುಪಡಿಗೆ ಓಡಾಟ ಕಡಿಮೆಯಾಗಿದೆ, ಸುಳ್ಳು ಹೇಳಬಾರದು. ಆದರೆ ಹಂಚಿದ್ದು ಆಫೀಸನ್ನು. ಕೆಲಸವನ್ನು ಹಂಚಲಿಲ್ಲ. ಹೊನ್ನಾಳಿ, ನ್ಯಾಮತಿ ಪೇಟೆಗಳಿಗೆ ಇವತ್ತಿಗೂ ರೈಲಿಲ್ಲ.

ಜರ್ಮನಿ ದೇಶದ ವಿಷಯ ಪೇಪರಿನಲ್ಲಿ ಓದಿದ್ದೆ. ಎರಡಾಗಿದ್ದ ದೇಶ 1990ರಲ್ಲಿ ಒಂದಾಯಿತು. ರಾಜಧಾನಿ ಬಾನ್‌ನಿಂದ ಬರ್ಲಿನ್‌ಗೆ ಹೋಯಿತು, ಹೋಗುವಾಗ ಕೆಲವು ಮಂತ್ರಿ ಖಾತೆಗಳನ್ನು ಬಾನ್‌ನಲ್ಲೇ ಉಳಿಸಿ ಅದಕ್ಕೆ ಕಾನೂನು ಮಾಡಿದರು. ದೊಡ್ಡ ನ್ಯಾಯಾಲಯ ಕಾರ್ಲ್ಸ್‌ರೂಹೆ ಅನ್ನೋ ಊರಲ್ಲಿ, ದೊಡ್ಡ ಬ್ಯಾಂಕು ಫ್ರಾಂಕ್‌ಫರ್ಟ್‌ನಲ್ಲಿ ಇದ್ದಲ್ಲೇ ಇದ್ದವು. ಹಿಂದುಳಿದ ಪೂರ್ವ ಭಾಗ ಎತ್ತಲು ಖರ್ಚು ಬೇಕಲ್ಲ, ಅದಕ್ಕೆ 1991ರಿಂದ ವರಮಾನ ತೆರಿಗೆಯ ಮೇಲೆ ಮತ್ತೊಂದು ತೆರಿಗೆ ಹಾಕಿದರು. ಬಹಳ ವರ್ಷ ಅದು ಕಟ್ಟುವ ತೆರಿಗೆಯ ಶೇಕಡ 5.5 ಇತ್ತು. ಹೆಚ್ಚಿನವರಿಗೆ ಅದು ತಪ್ಪಿದ್ದು 2021ರಲ್ಲಿ, ಮೂವತ್ತು ವರ್ಷದ ಮೇಲೆ. ಅವರ ಪೂರ್ವದ ಹಳ್ಳಿಗಳಿಂದಲೂ ಹುಡುಗರು ಬಿಟ್ಟುಹೋದರಂತೆ, ಎಲ್ಲಾ ಸರಿಹೋಗಿಲ್ಲ. ಆದರೂ ಒಂದಾಗೋದಕ್ಕೆ ಖರ್ಚು ಇದೆ, ಅದನ್ನು ಉಳ್ಳವರು ಕೊಡಬೇಕು ಅಂತ ಬಾಯಿಬಿಟ್ಟು ಹೇಳಿದರು.

ನಾವು ಕೇಳಬೇಕಾದ್ದು ಸಾಫ್ಟ್‌ವೇರ್ ಕಂಪನಿ ಅಲ್ಲ. ನಮ್ಮ ಮೆಕ್ಕೆಜೋಳವನ್ನೇ ತಗೊಳ್ಳಿ. ಜಿಲ್ಲೆಯ ಒಣಹೊಲ ಹೆಚ್ಚಾಗಿ ಅದರಲ್ಲೇ ಇದೆ. ಅದು ಕೋಳಿಯ ಮೇವು. ಪಟ್ಟಣಗಳು ಬೆಳೆದು ಕೋಳಿ ತಿನ್ನೋದು ಹೆಚ್ಚಿದ್ದರಿಂದಲೇ ನಮ್ಮಲ್ಲಿ ಜೋಳ, ನವಣೆ ಹೋಗಿ ಇದು ಬಂತು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಒಣಗಿಸಲು ಜಾಗ ಇಲ್ಲ, ಟಾರು ರಸ್ತೆಯ ಅರ್ಧಕ್ಕೆ ಹರಡುತ್ತೇವೆ, ಬೈಕಿನವರು ಜಾರಿ ಬೀಳುತ್ತಾರೆ. ತೇವ ಶೇಕಡ 14ಕ್ಕಿಂತ ಹೆಚ್ಚಿದೆ ಅಂತ ಖರೀದಿದಾರ ಬೆಲೆ ಮುರಿಯುತ್ತಾನೆ. 2025ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಇತ್ತು. ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿ ಗದಗ, ಹಾವೇರಿ ಕಡೆ ರೈತರು ರಸ್ತೆಗೆ ಇಳಿದರು. ಹೋಬಳಿಗೊಂದು ಒಣಗಿಸುವ ಯಂತ್ರ, ತಾಲೂಕಿಗೊಂದು ಗೋದಾಮು, ಪಶು ಆಹಾರ ಅಥವಾ ಕೋಳಿ ಆಹಾರ ಮಾಡುವ ಒಂದು ಘಟಕ ಇದ್ದರೆ ತೂಕ ಮಾಡಲು, ಯಂತ್ರ ನಡೆಸಲು, ಲಾರಿ ಓಡಿಸಲು, ಲೆಕ್ಕ ಬರೆಯಲು ಜನ ಬೇಕಾಗುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಬರುವಂಥ ಕೆಲಸ ಅದು. ಸಂಬಳ ಹನ್ನೆರಡು ಸಾವಿರ ಆದರೂ ಬಾಡಿಗೆ ಇಲ್ಲ, ಅಕ್ಕಿ ರಾಗಿ ಮನೆಯದು. ಪೀಣ್ಯದ ಹತ್ತೊಂಬತ್ತಕ್ಕೆ ಸಮ.

ನಮ್ಮೂರಲ್ಲಿ ಏಳೆಂಟು ರೈತರು ಕೂಡಿ ಒಣಗಿಸುವ ಯಂತ್ರದ ವಿಷಯವನ್ನು ಈ ಸಲದ ಗ್ರಾಮಸಭೆಯಲ್ಲಿ ಬರೆಸಬೇಕು ಅಂತ ಮಾಡಿದ್ದೇವೆ. ಎಷ್ಟು ಎಕರೆ, ಎಷ್ಟು ಕ್ವಿಂಟಾಲು, ತೇವಕ್ಕೆ ಎಷ್ಟು ಮುರಿದರು ಅಂತ ಮನೆಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದೇವೆ. ಚನ್ನಗಿರಿ, ಜಗಳೂರು ಕಡೆಯ ರೈತರು ತಮ್ಮ ಊರಿನದ್ದನ್ನೂ ಹೀಗೆ ಬರೆದು ಪತ್ರಿಕೆಗೆ ಕಳಿಸಿದರೆ ಒಟ್ಟಿಗೆ ಸೇರಿಸಿ ಕೃಷಿ ಇಲಾಖೆಗೆ ಕೊಡಬಹುದು.