ಕೆಮ್ಮು ಬರುವ ತನಕ ಕಾಯಬೇಡಿ

ನಾಯಿ ಸಾಕಿದವರೇ, ಇವತ್ತು ರಾತ್ರಿ ನಿಮ್ಮ ನಾಯಿ ಎಲ್ಲಿ ಮಲಗಿದೆ ಎಂದು ಒಮ್ಮೆ ಎದ್ದು ನೋಡಿ. ನಾವು ಕಿಟಕಿಗೆ ಜಾಲರಿ ಹೊಡೆಸಿ, ಸೊಳ್ಳೆಪರದೆ ಇಳಿಬಿಟ್ಟು ಮಲಗುತ್ತೇವೆ. ಮನೆ ಕಾಯುವ ಜೀವ ಜಗಲಿಯಲ್ಲೋ ಗೇಟಿನ ಪಕ್ಕದಲ್ಲೋ ಬೆಳಗಿನ ತನಕ ಸೊಳ್ಳೆಗೆ ಮೈಯೊಡ್ಡಿ ಬಿದ್ದಿರುತ್ತದೆ.

ಆ ಸೊಳ್ಳೆ ಹೊತ್ತು ತರುವ ಹುಳುವೊಂದಿದೆ, ಹಾರ್ಟ್‌ವರ್ಮ್. ರೋಗವಿರುವ ನಾಯಿಯ ರಕ್ತದ ಜೊತೆ ಸೊಳ್ಳೆಯ ಹೊಟ್ಟೆ ಸೇರುವ ಮರಿಗಳು ಅಲ್ಲಿ ಎರಡು ವಾರದಷ್ಟು ಬೆಳೆದು, ಆ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ ಆ ಗಾಯದಿಂದಲೇ ಒಳಹೋಗುತ್ತವೆ. ಆರೇಳು ತಿಂಗಳಲ್ಲಿ ಶ್ವಾಸಕೋಶದ ರಕ್ತನಾಳ, ಹೃದಯ ಸೇರಿ ಬಲಿಯುತ್ತವೆ. ಹೆಣ್ಣು ಹುಳು 25ರಿಂದ 30 ಸೆಂ.ಮೀ. ಉದ್ದ, ಐದರಿಂದ ಏಳು ವರ್ಷ ಅದರ ಆಯುಷ್ಯ. ಇಷ್ಟನ್ನು ಎದೆಯಲ್ಲಿ ಹೊತ್ತುಕೊಂಡೇ ನಾಯಿ ನಮ್ಮನ್ನು ಕಂಡು ಬಾಲ ಅಲ್ಲಾಡಿಸುತ್ತದೆ. ಕೆಮ್ಮು, ಏದುಸಿರು ಶುರುವಾದಾಗ ನಾವು "ವಯಸ್ಸಾಯ್ತು, ಮೊದಲಿನ ಹಾಗೆ ಓಡೋದಿಲ್ಲ" ಎಂದು ಸುಮ್ಮನಾಗುತ್ತೇವೆ. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಡಾಕ್ಟರ ಬಳಿ ಓಡುತ್ತೇವೆ.

ಆಗಲೂ ಚಿಕಿತ್ಸೆ ಇದೆ, ಆದರೆ ಅದು ಕಠಿಣ. ಆರ್ಸೆನಿಕ್ ಮೂಲದ ಮೆಲಾರ್ಸೊಮೈನ್ ಮದ್ದನ್ನು ಸೊಂಟದ ಸ್ನಾಯುವಿನ ಆಳಕ್ಕೆ ಚುಚ್ಚಬೇಕು. ಸತ್ತ ಹುಳುಗಳ ತುಣುಕು ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಹಾಗಾಗಿ ತಿಂಗಳುಗಟ್ಟಲೆ ಓಡದಂತೆ, ಕುಣಿಯದಂತೆ ಕಟ್ಟಿಹಾಕಬೇಕು. ಯಾಕೆ ಕಟ್ಟಿದ್ದೇವೆಂದು ಆ ಜೀವಕ್ಕೆ ಯಾವ ಭಾಷೆಯಲ್ಲಿ ಹೇಳುವುದು?

"ಜಂತುಹುಳದ ಮಾತ್ರೆ ಕೊಡ್ತಾನೇ ಇದ್ದೀವಲ್ಲ" ಅನ್ನುತ್ತೀರಿ. ಕರುಳಿನ ಹುಳಕ್ಕೆ ಕೊಡುವ ಸಾಮಾನ್ಯ ಮಾತ್ರೆ ಇದನ್ನು ತಡೆಯುವುದಿಲ್ಲ. ಇದಕ್ಕೆ ಬೇರೆ ಮದ್ದು, ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಅದು ಮುಂದಿನ ತಿಂಗಳಿಗೆ ಕಟ್ಟುವ ಬೇಲಿಯಲ್ಲ, ಕಳೆದ ತಿಂಗಳು ಒಳಹೊಕ್ಕ ಮರಿಗಳನ್ನು ಕೊಲ್ಲುವ ಔಷಧ. ನಾವು ಮರೆತರೆ ಮರಿಗಳು ಬಲಿತು ಮದ್ದಿಗೆ ಬಗ್ಗದಂತಾಗುತ್ತವೆ. ಈ ಮದ್ದುಗಳಲ್ಲಿ ಐವರ್ಮೆಕ್ಟಿನ್ ಒಂದು. ಅದರ ಹಿಂದಿನ ಶೋಧಕ್ಕೆ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ 2015ರಲ್ಲಿ ನೊಬೆಲ್ ಪಡೆದರು. ಅಂಥ ಮದ್ದನ್ನು, ದನಕ್ಕೆ ತಂದ ಬಾಟಲಿಯಿಂದ, ಉಣ್ಣೆ ಹೋಗಲಿ ಎಂದು ಅಂದಾಜಿನಲ್ಲಿ ನಾಯಿಗೆ ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ. ಕೋಲಿಯಂಥ ಕೆಲವು ತಳಿಗಳಲ್ಲಿ ಅದು ಮಿದುಳಿಗೇರಿ ಪ್ರಾಣ ತೆಗೆಯಬಹುದು.

ನಮ್ಮ ದೇಶದಲ್ಲಿ ಈ ಹುಳು ಹೆಚ್ಚಾಗಿ ಕಂಡುಬರುವುದು ಅಸ್ಸಾಂ, ಮಿಜೋರಾಂಗಳ ಕಡೆ. ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಇರುವುದು ಅದರ ದಾಯಾದಿ, ಚರ್ಮದಡಿ ಬದುಕುವ ಡೈರೊಫೈಲೇರಿಯಾ ರಿಪೆನ್ಸ್. ಮನುಷ್ಯರ ಕಣ್ಣಿನಿಂದಲೂ ಅದನ್ನು ವೈದ್ಯರು ಹೊರತೆಗೆದಿದ್ದಾರೆ. ಹಾಗೆಂದು ಹಾರ್ಟ್‌ವರ್ಮ್ ದೂರದ್ದೆಂದು ನೆಮ್ಮದಿಯಿಂದಿರಲಾಗದು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್ ಸೀಮೆಯ ನಾಯಿಗಳನ್ನು ಕರುಣೆಯಿಂದಲೇ ದೂರದ ರಾಜ್ಯಗಳಿಗೆ ಒಯ್ದರು. ಅವುಗಳಲ್ಲಿ ಅನೇಕವುಗಳ ಎದೆಯಲ್ಲಿ ಹುಳುವೂ ಪ್ರಯಾಣ ಮಾಡಿತು. ಈಶಾನ್ಯದಲ್ಲಿ ಸೇವೆ ಮುಗಿಸಿ ಊರಿಗೆ ಬರುವ ಯೋಧರೇ, ಹೂಸ್ಟನ್‌ನಿಂದ ಮೈಸೂರಿಗೆ ಮರಳುವ ಸಂಸಾರಗಳೇ, ಜೊತೆಗೆ ಕರೆತರುವ ನಾಯಿಯ ರಕ್ತಪರೀಕ್ಷೆಯನ್ನು ಮೊದಲು ಮಾಡಿಸಿ. ರೋಗವಿರುವ ಒಂದು ನಾಯಿ ಸಾಕು, ನಮ್ಮ ಕೇರಿಯ ಸೊಳ್ಳೆಗಳು ಉಳಿದದ್ದನ್ನು ಮಾಡುತ್ತವೆ.

ಪರೀಕ್ಷೆಗೆ ಬೇಕಾದದ್ದು ಕೆಲವು ಹನಿ ರಕ್ತ, ಕೆಲವು ನಿಮಿಷ. ಅದು ಬಲಿತ ಹೆಣ್ಣು ಹುಳುವಿನ ಗುರುತನ್ನು ಹಿಡಿಯುವುದರಿಂದ ಹೋದ ತಿಂಗಳ ಕಡಿತ ಈಗ ಕಾಣಿಸದು. ಆರೇಳು ತಿಂಗಳ ಮೇಲೆ ಮತ್ತೆ ಮಾಡಿಸಬೇಕು. ಮುಂದಿನ ಸಲ ರೇಬಿಸ್ ಲಸಿಕೆಗೆ ಹೋದಾಗ "ಡಾಕ್ಟ್ರೇ, ಹಾರ್ಟ್‌ವರ್ಮಿಗೂ ಒಮ್ಮೆ ನೋಡಿಬಿಡಿ" ಎಂದು ನೀವೇ ಕೇಳಿ. ನಾಯಿ ಕೇಳಲಾರದು. ಮೇಜಿನ ಮೇಲೆ ನಡುಗುತ್ತಾ ನಿಂತು ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ.