ದ್ರಾಕ್ಷಾರಸಕ್ಕೆ ಊರಿನ ಹೆಸರೂ ಊಟದ ಜೊತೆಯೂ ಬೇಕು

ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ಕೆಂಪು ದ್ರಾಕ್ಷಾರಸದ ಕೀರ್ತಿಗೆ ಅಲ್ಲಿನ ಜಲ್ಲಿಮಣ್ಣು ಹಾಗೂ ಹವಾಗುಣಗಳೇ ಕಾರಣವೆಂದು ಹೇಳುವುದು ವಾಡಿಕೆ. ವಾಣಿಜ್ಯ ಸಂಸ್ಥೆಯ ಸದಸ್ಯರಾದ ನಾವು ಗಮನಿಸತಕ್ಕ ಕಾರಣ ಮತ್ತೊಂದಿದೆ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೋ ವಾಣಿಜ್ಯ ಮಂಡಳಿಯು ಅಲ್ಲಿನ ದಲ್ಲಾಳಿಗಳ ಸಂಘವನ್ನು ಕೋರಿ, ಬಹುಪಾಲು ಮೆದೋಕ್ ಭಾಗದ ತೋಟಗಳನ್ನು ಐದು ದರ್ಜೆಗಳಲ್ಲಿ ವಿಂಗಡಿಸಿದ ಪಟ್ಟಿಯೊಂದನ್ನು ಪಡೆಯಿತು. ಆಯಾ ತೋಟದ ಸರಕಿಗೆ ಪೇಟೆಯಲ್ಲಿ ಬಹುಕಾಲದಿಂದ ದೊರೆಯುತ್ತಿದ್ದ ಧಾರಣೆಯೇ ಅದಕ್ಕೆ ಮುಖ್ಯ ಆಧಾರವಾಗಿತ್ತು. ಹತ್ತಿಯ ದರ್ಜೆ ಕಟ್ಟಿ ದರ ಹೇಳುವ ನಮ್ಮ ರಾಜೇಂದ್ರ ಗಂಜಿನ ಅಡತಿ ವ್ಯಾಪಾರಸ್ಥರಿಗೆ ಈ ವಿದ್ಯೆ ಹೊಸತೇನಲ್ಲ. 1973ರಲ್ಲಿ ಮೂಟೋನ್ ರಾಥ್‌ಶೀಲ್ಡ್ ತೋಟವು ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದನ್ನು ಬಿಟ್ಟರೆ ಆ ಪಟ್ಟಿ ಹೆಚ್ಚುಕಡಿಮೆ ಹಾಗೆಯೇ ಉಳಿದು ಇಂದಿಗೂ ಬೆಲೆ ತರುತ್ತಿದೆ.

ಊರಿನ ಹೆಸರಿನ ಬಳಿಕ ಅವರು ಕೈಹಾಕಿದ್ದು ಪರರ ಊಟಕ್ಕೆ. ಲಾಫಿತ್ ತೋಟದವರು 2008ರ ಫಸಲಿನ ಸೀಸೆಯ ಮೇಲೆ ಚೀನೀಯರಿಗೆ ಶುಭಕರವಾದ ಎಂಟರ ಅಂಕಿಯನ್ನು ಅವರದೇ ಲಿಪಿಯಲ್ಲಿ ಮೂಡಿಸಿದರು. ಬಾತುಕೋಳಿಯ ಹುರಿದ ಮಾಂಸಕ್ಕೆ ಯಾವುದು, ಜಪಾನಿನ ಮೀನಿಗೆ ಯಾವುದು ಎಂದು ಮಾರಾಟಗಾರರು ಬಿಡಿಸಿ ಹೇಳುತ್ತಾರೆ. ಭಾರತದ ಅಡಿಗೆಯ ವಿಷಯ ಬಂದಾಗ ಮಾತ್ರ 'ಮಸಾಲೆಯದು' ಎಂಬ ಒಂದೇ ಪದಕ್ಕೆ ಮುಗಿಯುತ್ತದೆ.

ನಮ್ಮ ನಾಡಿನಲ್ಲಿಯೂ ಸರಕಿಗೆ ಕೊರತೆಯಿಲ್ಲ. ದೊಡ್ಡಬಳ್ಳಾಪುರದ ಗ್ರೋವರ್ ತೋಟದವರು ಬೋರ್ಡೋದ ಮಿಶೆಲ್ ರೋಲಾಂ ಅವರ ಸಲಹೆ ಪಡೆದು ಕೆಂಪು ದ್ರಾಕ್ಷಾರಸ ತಯಾರಿಸಿದರು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿ, ಪ್ರತ್ಯೇಕ ಮಂಡಳಿಯನ್ನೂ ರಚಿಸಿತು. ಇನ್ನೂ ಸಮೀಪಕ್ಕೆ ಬರುವುದಾದರೆ, ಕಲ್ಮಲದಿಂದ ಮಾನ್ವಿ, ಸಿಂಧನೂರುಗಳ ಮಾರ್ಗವಾಗಿ ಸಾಗಿದರೆ ಸಿಗುವ ನೆರೆಯ ಕೊಪ್ಪಳ ಜಿಲ್ಲೆಯಲ್ಲಿಯೇ ಕೃಷ್ಮಾ ಸಂಸ್ಥೆಯು ಕ್ಯಾಬರ್ನೆ ಸೋವಿನ್ಯೋನ್, ಸಾಂಜೊವೇಸೆ ತಳಿಗಳನ್ನು ಬೆಳೆದು 'ಹಂಪಿ ಹಿಲ್ಸ್' ಎಂಬ ಹೆಸರಿನೊಡನೆ ಮಾರುತ್ತಿದೆ. ಹೆಸರು ಒಳ್ಳೆಯದೇ. ಅದನ್ನು ಯಾವ ಊಟದೊಡನೆ ಬಡಿಸಬೇಕೆಂದು ರಾಯಚೂರಿನ ಹೋಟೆಲಿನಲ್ಲಿ ಕೇಳಿದರೆ ಉತ್ತರ ಸಿಗುವುದು ಕಷ್ಟ.

ಉತ್ತರವೇನೂ ಗಹನವಾದದ್ದಲ್ಲ. ಕ್ಯಾಬರ್ನೆಯಂತಹ ರಸದ ಒಗರು ಕೊಬ್ಬು, ಜಿಡ್ಡುಗಳ ಜೊತೆಯಲ್ಲಿ ಮೆದುವಾಗುತ್ತದೆ. ಖಾರ ಹೆಚ್ಚಿದ್ದಲ್ಲಿ ಆ ಒಗರೂ ಮದ್ಯಸಾರದ ಉರಿಯೂ ಇಮ್ಮಡಿಯಾಗಿ ನಾಲಿಗೆಗೆ ಹತ್ತುತ್ತವೆ. ಆದುದರಿಂದ ಮಿರ್ಚಿ ಭಜಿಗೆ ಅದು ಸಲ್ಲದು. ಶೇಂಗಾ, ಎಳ್ಳು ಅರೆದು ತುಂಬಿದ ಎಣ್ಣೆಗಾಯಿ ಬದನೆಕಾಯಿಗೆ, ಖಾರವನ್ನು ಹಿಡಿತದಲ್ಲಿಟ್ಟರೆ, ಚೆನ್ನಾಗಿ ಒಪ್ಪುತ್ತದೆ. ಪುಂಡಿಪಲ್ಯದ ಹುಳಿಗೆ ತಾನೂ ಹುಳಿಯುಳ್ಳ ಸಾಂಜೊವೇಸೆ ಮೇಲು. ನಿಜಾಮರ ಕಾಲದಿಂದ ನಮ್ಮಲ್ಲಿ ಬೇರೂರಿದ ಕುರಿಮಾಂಸದ ಬಿರಿಯಾನಿಗೆ ಕ್ಯಾಬರ್ನೆಯೇ ಸರಿ. ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಯೂರೋಪಿನ ನಿಯಮವನ್ನು ಮಾತ್ರ ರಾಯಚೂರಿನ ಬೇಸಿಗೆಯಲ್ಲಿ ಯಾರೂ ಪಾಲಿಸಬಾರದು! ಅವರ ಕೋಣೆಯೆಂದರೆ 16ರಿಂದ 18 ಡಿಗ್ರಿ.

ಇದು ಪಾನದ ಪ್ರಚಾರವಲ್ಲವೇ ಎಂದು ಕೆಲವು ಸದಸ್ಯ ಬಂಧುಗಳು ಆಕ್ಷೇಪಿಸಬಹುದು. ಕುಡಿಯದವರಿಗೆ ಕುಡಿಸುವುದು ನಮ್ಮ ಕೆಲಸವಲ್ಲ. ಆದರೆ ಕುಡಿಯುವವರು ಯಾರ ತೋಟದ್ದನ್ನು ಕೊಳ್ಳುತ್ತಾರೆಂಬುದು ನಮ್ಮ ಭಾಗದ ಬೆಳೆಗಾರನ ಆದಾಯದ ಪ್ರಶ್ನೆ. ಆಸ್ಟ್ರೇಲಿಯಾದೊಡನೆ ಮಾಡಿಕೊಂಡ ಒಪ್ಪಂದವು 2022ರ ಡಿಸೆಂಬರ್ 29ರಂದು ಜಾರಿಗೆ ಬಂದು, 15 ಡಾಲರಿಗೆ ಮೇಲ್ಪಟ್ಟ ಸೀಸೆಗಳ ಆಮದು ಸುಂಕವು ಶೇ. 150ರಿಂದ 75ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಅದು ಶೇ. 25ಕ್ಕೆ ಬರಲಿದೆ. ಇಂತಹ ರಿಯಾಯಿತಿಯನ್ನು ಐರೋಪ್ಯರೂ ಬಹುಕಾಲದಿಂದ ಕೇಳುತ್ತ ಬಂದವರೇ. ಸುಂಕದ ಗೋಡೆಯ ಮರೆಯಲ್ಲಿ ನಿಶ್ಚಿಂತೆಯಿಂದಿರುವ ಕಾಲ ಮುಗಿಯುತ್ತಿದೆ.

ನಮ್ಮ ಸಂಸ್ಥೆಯು ಹೋಟೆಲ್ ಮಾಲೀಕರು, ಅಡುಗೆಯವರು ಹಾಗೂ ದ್ರಾಕ್ಷಾರಸ ಮಂಡಳಿಯವರನ್ನು ಒಂದು ದಿನ ಒಂದೆಡೆ ಕೂಡಿಸಿ, ಜೋಳದ ರೊಟ್ಟಿಯ ಊಟದೊಡನೆ ಈ ಭಾಗದ ರಸಗಳನ್ನು ಪರೀಕ್ಷಿಸಿ, ಒಪ್ಪುವ ಜೋಡಿಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಲಿ. ಅದಕ್ಕೆ ತಗಲುವ ವೆಚ್ಚ ಒಂದು ವಾರ್ಷಿಕ ಸಭೆಯ ಭೋಜನಕ್ಕಿಂತ ಹೆಚ್ಚಾಗದು.